ಅತ್ತೆಯನ್ನು ಕೇಳದ ಮಾತು

ಅತ್ತೆಗೆ ಕಾಮಾಲೆ ಹತ್ತಿರುವುದನ್ನು ಮನೆಯಲ್ಲಿ ಮೊದಲು ಕಂಡವರು ಅತ್ತೆಯೇ. ಹೋಟೆಲಿನ ದಿಂಬಿನ ಕವರೊಂದನ್ನು ಎಂದಿನಂತೆ ಕಿಟಕಿಯ ಬೆಳಕಿಗೆ ಹಿಡಿದು, ಕಲೆ ಏನಾದರೂ ಉಳಿದಿದೆಯೇ ಎಂದು ನೋಡುತ್ತಿದ್ದವರು, ಬಟ್ಟೆಯ ಮೇಲಿದ್ದ ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು ಕರೆದು, "ಕವರು ಚೆನ್ನಾಗೇ ಬಂದಿದೆ ಹುಡುಗಿ. ನನ್ನ ಕೈಯೇ ಯಾಕೋ ಬೆಳ್ಳಗಾಗಿಲ್ಲ ನೋಡು," ಎಂದರು.

ಸೊಸೆ ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳ ಮಗಳೇ ಕಾಲೇಜಿನ ಮೆಟ್ಟಿಲು ಹತ್ತಿದ್ದಳು. ಅತ್ತೆಯ ಬಾಯಲ್ಲಿ ಮಾತ್ರ ಅವಳಿನ್ನೂ ಹುಡುಗಿ. ಕೆಳಗೆ ಲಾಂಡ್ರಿ, ಮೇಲೆ ಮನೆ. ನಡುವೆ ಒಂದು ಕಡಿದಾದ ಮೆಟ್ಟಿಲ ಸಾಲು. ಎರಡು ದೊಡ್ಡ ಮೆಷಿನ್ನು, ಒಂದು ಒಣಗಿಸುವ ಯಂತ್ರ, ನೆನೆಹಾಕುವ ಸಿಮೆಂಟಿನ ತೊಟ್ಟಿ, ಉದ್ದನೆಯ ಇಸ್ತ್ರಿ ಮೇಜು. ಮೇಜಿನ ಹಿಂದೆ ಸ್ವಲ್ಪ ಕಿವಿ ಮಂದವಾದ ಇಸ್ತ್ರಿಯಜ್ಜ. ಮಾವ ಇದ್ದಾಗಿನಿಂದಲೂ ಅಂಗಡಿಯ ಯಜಮಾನಿಕೆ ಅತ್ತೆಯದೇ. ಯಾವ ಕಲೆಗೆ ಯಾವ ನೀರು, ಯಾವ ಬಟ್ಟೆಗೆ ಎಷ್ಟು ನೀಲಿ ಎಂಬುದನ್ನೆಲ್ಲ ಅವರೇ ಹೇಳಬೇಕು. ಸೊಸೆಯ ಗಂಡ ಬಟ್ಟೆ ತರುವುದು, ತಲುಪಿಸುವುದು ಮಾಡುತ್ತಿದ್ದ. ಉಳಿದದ್ದು ಸೊಸೆಯ ಪಾಲು.

ಎಂಟು ವರ್ಷದ ಹಿಂದೆ ಕ್ಯಾನ್ಸರಾಗಿ ಅತ್ತೆಯ ಎಡಗಡೆಯ ಸ್ತನ ತೆಗೆದಿದ್ದರು. ಅದು ಮುಗಿದ ಕಥೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದಾಗ ಲಿವರಿನ ತುಂಬ ಗಡ್ಡೆಗಳು.

ಡಾಕ್ಟರ ಕೋಣೆಯಲ್ಲಿ ಎರಡೇ ಕುರ್ಚಿ. "ಅಮ್ಮ, ನೀನು ಹೊರಗಡೆ ಬೆಂಚಲ್ಲಿ ಕೂತಿರು, ಇಲ್ಲಿ ಗಾಳಿ ಇಲ್ಲ," ಎಂದು ಗಂಡ ಅತ್ತೆಯನ್ನು ಹೊರಗೇ ಕೂರಿಸಿ ಬಂದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿಧಾನದ ಮಾತಿನವಳು. ಸಾಮಾನ್ಯವಾಗಿ ಲಿವರ್ ಇಷ್ಟು ಸೋತವರಿಗೆ ಕೀಮೋ ಕೊಡುವುದಿಲ್ಲ ಎಂದಳು. ಮದ್ದನ್ನು ಮೈಯಿಂದ ಹೊರಗೆ ಹಾಕಬೇಕಾದದ್ದೇ ಲಿವರು. ಅದೇ ಮಲಗಿದರೆ ಮದ್ದು ಒಳಗೇ ಉಳಿದು ವಿಷವಾಗುತ್ತದೆ. ಆದರೆ ಇವರ ಲಿವರನ್ನು ಮಲಗಿಸಿರುವುದು ಗಡ್ಡೆಗಳೇ. ಗಡ್ಡೆ ಕುಗ್ಗಿದರೆ ಲಿವರ್ ಸ್ವಲ್ಪ ಏಳಲೂಬಹುದು. ಕಡಿಮೆ ಅಳತೆಯಲ್ಲಿ, ವಾರಕ್ಕೊಂದು ಸಲ ಕೊಟ್ಟು ನೋಡಬಹುದು. ಹಿಡಿದರೆ ಕೆಲವು ತಿಂಗಳು ಸಿಗುತ್ತವೆ. ಹಿಡಿಯದಿದ್ದರೆ, ಇರುವ ದಿನಗಳೂ ಆಸ್ಪತ್ರೆಯಲ್ಲೇ ಕಳೆದುಹೋಗುತ್ತವೆ.

"ಕೊಡಿ," ಎಂದ ಗಂಡ. ಅವಳ ಮಾತಿನ್ನೂ ಮುಗಿದಿರಲಿಲ್ಲ.

ಅಮ್ಮನಿಗೆ ನಾನೇ ಹೇಳಲೇ ಎಂದು ಡಾಕ್ಟರಮ್ಮ ಕೇಳಿದಳು. ಬೇಡ, ನಾವೇ ಹೇಳುತ್ತೇವೆ ಎಂದ. ಹೊರಗೆ ಬಂದು ಹೇಳಿದ್ದಿಷ್ಟೆ: "ಕಾಮಾಲೆಗೆ ಒಂದು ಡ್ರಿಪ್ ಹಾಕ್ತಾರಂತಮ್ಮ."

ಅತ್ತೆ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. "ಅಷ್ಟು ಹೊತ್ತು ಅದನ್ನೇ ಹೇಳಿದ್ಲಾ," ಎಂದು ಸೆರಗು ಸರಿಮಾಡಿಕೊಂಡು ಎದ್ದರು.

ಮೊದಲನೆಯ ಡ್ರಿಪ್ಪು ಏನೂ ಗಲಾಟೆಯಿಲ್ಲದೆ ಆಯಿತು. ಗಲಾಟೆ ಶುರುವಾದದ್ದು ಮನೆಗೆ ಬಂದಮೇಲೆ. ಅತ್ತೆಗೆ ಅನ್ನದ ವಾಸನೆ ಆಗದು, ಎಣ್ಣೆಯ ವಾಸನೆ ಆಗದು, ಕೆಳಗಿನಿಂದ ಬರುವ ಸೋಪಿನ ಹಬೆಯೂ ಆಗದು. ಜೀವಮಾನವಿಡೀ ಆ ಹಬೆಯಲ್ಲೇ ಬೆಂದವರು ಈಗ ಕಿಟಕಿ ಮುಚ್ಚಿಸಿದರು. ಬಾಯಿ ತುಂಬ ಹುಣ್ಣು. ಸೊಸೆ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚದಲ್ಲಿ ಕುಡಿಸಬೇಕು. ನಾಲ್ಕು ಚಮಚ ಹೋದರೆ ಎರಡು ವಾಪಸು. ಅಜ್ಜಿಯ ಕೋಣೆಯಲ್ಲೇ ಮಲಗುತ್ತಿದ್ದ ಮಗಳು ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಅಡುಗೆಮನೆಯಲ್ಲಿ ಓದಲು ಆಗುವುದಿಲ್ಲವೆಂದು ಕೆಳಗಿಳಿದಳು. ಕೆಳಗೆ ಇಸ್ತ್ರಿಯಜ್ಜನ ರೇಡಿಯೋ ಕಿವಿ ಕಿತ್ತುಹಾಕುತ್ತದೆಂದು ಮತ್ತೆ ಮೇಲೆ ಬಂದಳು.

"ಒಂದು ಕಡೆ ಕೂತ್ಕೋಬಾರ್ದಾ," ಎಂದಳು ಸೊಸೆ.

"ಯಾವ ಕಡೆ ಅಂತ ನೀನೇ ಹೇಳು."

"ಕಪಾಟಿನ ಮೇಲೆ ಜಾಗ ಇದೆ, ಹತ್ತು," ಎಂದು ಒಳಗಿನಿಂದ ಅತ್ತೆಯ ದನಿ. ಹುಣ್ಣಾದ ಬಾಯಲ್ಲೂ ಅವರ ಮಾತಿಗೇನೂ ಬರಗಾಲವಿರಲಿಲ್ಲ. ಕನ್ನಡಿ ಬೇಕೆಂದು ಕೇಳಿ ನೋಡಿಕೊಂಡು, "ನನ್ನನ್ನೂ ಒಂದ್ಸಲ ನೀಲೀಲಿ ಅದ್ದಿ ತೆಗೀರೇ, ಗಿರಾಕಿಗೆ ಕೊಡೋ ಹಾಗಿಲ್ಲ," ಎಂದಿದ್ದರು. ಮೊಮ್ಮಗಳು ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಇದೆಲ್ಲದಕ್ಕಿಂತ ಹೆಚ್ಚು ಕಾಡಿದ್ದು ಒಂದು ಸಿರಪ್ಪು. ದಪ್ಪನೆಯದು, ಜೇನಿನಂಥದ್ದು, ತೀರ ಸಿಹಿ. ದಿನಕ್ಕೆ ಮೂರು ಸಲ ಕುಡಿಸಬೇಕು, ಎರಡು ಮೂರು ಸಲ ಭೇದಿ ಆಗಲೇಬೇಕು, ಆಗದಿದ್ದರೆ ಹೊಟ್ಟೆಯ ವಿಷ ತಲೆಗೇರುತ್ತದೆ ಎಂದು ಆಸ್ಪತ್ರೆಯ ನರ್ಸು ಸೊಸೆಗೆ ಹೇಳಿದ್ದಳು. ಹೇಳಿದ್ದು ಗಾಡಿ ಹಿಡಿಯುವ ಗಡಿಬಿಡಿಯಲ್ಲಿ, ಅತ್ತೆಯ ಚಪ್ಪಲಿ ಹುಡುಕುತ್ತಿರುವಾಗ. ಸೊಸೆಯ ಕಿವಿಗೆ ಮೂರು ಸಲ ಎಂಬುದು ಬಿದ್ದಿತ್ತು, ಉಳಿದದ್ದು ಅಷ್ಟಕ್ಕಷ್ಟೆ. ಅವಳು ಅತ್ತೆಗೆ ಹೇಳಿದ್ದು, "ಹೊಟ್ಟೆಗೆ ಒಳ್ಳೇದಂತೆ, ಕುಡೀರಿ."

ಒಂದು ಬೆಳಗ್ಗೆ ಅತ್ತೆಗೆ ಬಚ್ಚಲಿನವರೆಗೆ ಹೋಗಲಾಗಲಿಲ್ಲ. ಸೊಸೆ ಎದ್ದು ಬರುವಷ್ಟರಲ್ಲಿ ಅವರು ಬೆಡ್‌ಶೀಟನ್ನು ತಾವೇ ಎಳೆದುಕೊಂಡು ಹೋಗಿ, ಬಚ್ಚಲ ನೆಲದ ಮೇಲೆ ಕೂತು ಬಕೆಟಿನಲ್ಲಿ ತಿಕ್ಕುತ್ತಿದ್ದರು. ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿದ್ದವು. ಬೆನ್ನು ಗೋಡೆಗೆ ಒರಗಿಸಿಕೊಂಡಿದ್ದರು.

"ಬಿಡಿ ಅತ್ತೆ, ನಾನು ಒಗೀತೀನಿ."

"ತಣ್ಣೀರಲ್ಲೇ ಒಗಿ. ಬಿಸಿನೀರು ಹಾಕಿದ್ರೆ ಕಲೆ ಕೂತ್ಬಿಡುತ್ತೆ."

"ಕೆಳಗೆ ಮೆಷಿನ್ನಿಗೆ..."

"ಅಂಗಡಿ ಮೆಷಿನ್ನಿಗಾ? ನಾನು ಬದುಕಿದೀನಿ ಇನ್ನೂ."

ಅದು ಆ ಮನೆಯ ಕಟ್ಟುನಿಟ್ಟು. ನಾಲ್ಕು ಜನರ ಮೈಮೇಲಿನ ಬಟ್ಟೆ ನಮ್ಮನ್ನು ನಂಬಿ ಬರುತ್ತದೆ, ಮನೆಯ ಹೊಲಸು ಅದರ ಜೊತೆ ತಿರುಗಬಾರದು ಎಂಬುದು ಅತ್ತೆ ಹಾಕಿದ ಗೆರೆ. ಮಾವ ಪಾರ್ಶ್ವವಾಯುವಾಗಿ ಮಲಗಿದ್ದ ಅಷ್ಟೂ ಕಾಲ ಅವರ ಬಟ್ಟೆಯನ್ನು ಅತ್ತೆ ಹಿತ್ತಲ ಕಲ್ಲಿನ ಮೇಲೆ ಕೈಯಲ್ಲೇ ಒಗೆದಿದ್ದರು. ಊರಿನ ಹೋಟೆಲುಗಳ ಬೆಡ್‌ಶೀಟುಗಳನ್ನೆಲ್ಲ ಯಂತ್ರಕ್ಕೆ ತುಂಬುವ ಸೊಸೆ, ಅತ್ತೆಯದನ್ನು ಮಾತ್ರ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಗೆಯತೊಡಗಿದಳು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಕೆಲವು ದಿನ ಸಂಜೆಗೂ. ಬೆರಳ ಸಂದು ಬಿರಿಯಿತು. ಹೋಟೆಲಿನ ಬಟ್ಟೆ ಎರಡು ಸಲ ತಡವಾಗಿ, ಗಂಡ ಅಲ್ಲಿ ಬೈಸಿಕೊಂಡು ಬಂದು ಇಲ್ಲಿ ತಟ್ಟೆ ಕುಕ್ಕಿದ.

ಒಂದು ಸಂಜೆ ಒದ್ದೆ ಶೀಟನ್ನು ಹಗ್ಗಕ್ಕೆ ಎಸೆಯುತ್ತ ಸೊಸೆ, ಯಾರಿಗೆಂದು ಅಲ್ಲ, "ಇದು ಯಾವಾಗ ಮುಗಿಯುತ್ತೋ," ಎಂದಳು. ಹಗ್ಗ ಇದ್ದದ್ದು ಅತ್ತೆಯ ಕಿಟಕಿಯ ಹೊರಗೇ.

ಅದಾದ ಎರಡು ದಿನಕ್ಕೆ ಬೆಡ್‌ಶೀಟುಗಳು ಹೊಲಸಾಗುವುದು ನಿಂತಿತು.

ಮನೆಯವರೆಲ್ಲ ಇದನ್ನು ಗುಣದ ಲಕ್ಷಣ ಎಂದೇ ತಿಳಿದರು. ಮುಂದಿನ ಡ್ರಿಪ್ಪನ್ನು ರಕ್ತಕಣ ಇಳಿದಿದೆ ಎಂದು ಡಾಕ್ಟರಮ್ಮ ಒಂದು ವಾರ ಮುಂದೆ ಹಾಕಿದ್ದಳು. ಆ ವಾರವೇ ಮನೆ ಸ್ವಲ್ಪ ಉಸಿರಾಡಿತು. ಹೊಟ್ಟೆ ಹತೋಟಿಗೆ ಬಂದಿದೆ, ಮದ್ದು ಹಿಡಿಯುತ್ತಿದೆ ಎಂದು ಗಂಡ ಫೋನಿನಲ್ಲಿ ತಂಗಿಗೆ ಹೇಳಿದ. ಸಿರಪ್ಪಿನ ಬಾಟಲಿ ಲೆಕ್ಕಕ್ಕೆ ಸರಿಯಾಗಿಯೇ ಇಳಿಯುತ್ತಿತ್ತು. ನಾನೇ ಕುಡಿಯುತ್ತೇನೆ, ಚಮಚ ಹಿಡಿಯಲಾರದಷ್ಟು ಕೈ ಬಿದ್ದುಹೋಗಿಲ್ಲ ಎಂದು ಅತ್ತೆ ಬಾಟಲಿಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಬಚ್ಚಲಿನ ಬೇಸಿನ್ನಿಗೆ ಇರುವೆ ಮುತ್ತಿದ್ದನ್ನು ನೋಡಿ ಸೊಸೆ ಎರಡು ಚೊಂಬು ನೀರು ಸುರಿದು ಬಂದಳು, ಅಷ್ಟೆ.

ಆಮೇಲೆ ಒಂದು ಮಧ್ಯಾಹ್ನ. ಸೊಸೆ ಮೇಲೆ ಬೇಳೆ ಬೇಯಲು ಇಟ್ಟಿದ್ದಳು. ಕೆಳಗೆ ಇಸ್ತ್ರಿಯಜ್ಜ ಜೋರಾಗಿ ನಗುವುದು ಕೇಳಿಸಿತು. "ಯಜಮಾನ್ರಮ್ಮ ಡ್ಯೂಟಿಗೆ ಬಂದ್ರು" ಎಂದ. ಸ್ವಲ್ಪ ಹೊತ್ತಿಗೆ ಆ ನಗು ನಿಂತು, ಅವನು ಸೊಸೆಯನ್ನು ಕೂಗಿದ.

ಆ ಕಡಿದಾದ ಮೆಟ್ಟಿಲನ್ನು ಅತ್ತೆ ಹೇಗೆ ಇಳಿದರೋ. ಇಸ್ತ್ರಿಯಾಗಿ, ಮಡಿಸಿ, ಪೇರಿಸಿಟ್ಟಿದ್ದ ಅಂಗಿಗಳನ್ನು ಒಂದೊಂದಾಗಿ ಎತ್ತಿ ತೊಟ್ಟಿಯ ನೀರಿಗೆ ಇಳಿಬಿಡುತ್ತಿದ್ದರು. ಅವಸರವೇನೂ ಇರಲಿಲ್ಲ. ಪ್ರತಿ ಅಂಗಿಯ ಕಾಲರನ್ನೂ ಬೆರಳಿಂದ ಉಜ್ಜಿ ನೋಡಿ, ತಲೆಯಾಡಿಸಿ, ಮುಳುಗಿಸುತ್ತಿದ್ದರು.

"ಅತ್ತೆ, ಅವು ಆಗಿರೋ ಬಟ್ಟೆ."

"ನೀವು ಯಾರಮ್ಮ," ಎಂದರು ಅತ್ತೆ, ಗಿರಾಕಿಗಳ ಜೊತೆ ಮಾತಾಡುವ ಮರ್ಯಾದೆಯ ದನಿಯಲ್ಲಿ. "ನಿಮ್ಮ ಬಟ್ಟೆ ಸಂಜೆಗೆ ಆಗುತ್ತೆ. ಸಂಜೆ ಬನ್ನಿ."

ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆ ಯಾವಾಗ ಹೋಗಿತ್ತು ಎಂದು ನರ್ಸು ಕೇಳಿದಳು. ನಾಲ್ಕೈದು ದಿನದಿಂದ ಏನೂ ಇಲ್ಲ, ಸುಧಾರಿಸಿದ್ದಾರೆ ಎಂದುಕೊಂಡಿದ್ದೆವು ಎಂದಳು ಸೊಸೆ. ನರ್ಸು ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಿರಪ್ಪು ಯಾತಕ್ಕೆಂದು ಮತ್ತೊಮ್ಮೆ, ಈ ಸಲ ಕುರ್ಚಿ ಎಳೆದುಕೊಂಡು ಕೂತು, ಮೊದಲಿಂದ ಹೇಳಿದಳು.

ಬದಲು ಬಟ್ಟೆ ತರಲೆಂದು ಸೊಸೆ ಮನೆಗೆ ಬಂದಳು. ಕೈ ತೊಳೆಯಲು ಬಚ್ಚಲಿಗೆ ಹೋದರೆ ಬೇಸಿನ್ನಿನ ತುಂಬ ಇರುವೆ, ತೂತಿನಿಂದ ಗೋಡೆಯವರೆಗೆ ಸಾಲು. ಬೇಸಿನ್ನಿನ ಅಂಚು ಬೆರಳಿಗೆ ಅಂಟಂಟಾಗಿ ಹತ್ತಿತು. ಮೂಸಿ ನೋಡಿದಳು. ಆ ಬೆರಳನ್ನು ಸೀರೆಗೆ ಒರಸಿಕೊಂಡು, ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೆಳಗೆ ಯಾರೋ ಬಟ್ಟೆ ಕೇಳಿಕೊಂಡು ಬಂದವರು ಗಂಟೆ ಒತ್ತುತ್ತಲೇ ಇದ್ದರು.

ನಾದಿನಿ ಮರುದಿನ ಬಂದಳು. ಗಂಡನಿಗಿಂತ ಚಿಕ್ಕವಳು, ದೂರದ ಊರಿನ ಶಾಲೆಯಲ್ಲಿ ಟೀಚರು. ತಾಯಿಯನ್ನು ನೋಡಿ ಹೊರಗೆ ಬಂದವಳು ಅಣ್ಣನ ಮೇಲೆ ಹರಿಹಾಯ್ದಳು. ವಾರ್ಡಿನಲ್ಲಿ ಶುರುವಾದ ಜಗಳ ಬಸ್ಸಿನಲ್ಲಿ ಬಂತು, ಊಟದ ಮೇಜಿಗೂ ಬಂತು. ಲಿವರ್ ಸೋತವರಿಗೆ ಕೀಮೋ ಕೊಡಿಸುವುದೆಂದರೆ ಬಿದ್ದವರನ್ನು ತುಳಿದ ಹಾಗೆ ಎಂದು ಅವಳು. ಕೈಕಟ್ಟಿ ಕೂತು ನೋಡುವುದಕ್ಕೆ ತನಗೆ ಆಗುವುದಿಲ್ಲ ಎಂದು ಇವನು.

"ನೋಡ್ತಾ ಕೂತಿರೋಳು ನೀನು, ಅಲ್ಲಿಂದ. ಇಲ್ಲಿ ಮಾಡ್ತಿರೋರು ನಾವು."

"ಮಾಡ್ತಿರೋದು ಅತ್ತಿಗೆ. ನೀನು ಗಾಡಿ ಓಡಿಸ್ತಿದೀಯ."

ಮಗಳು ಅನ್ನದ ಪಾತ್ರೆ ಹಿಡಿದುಕೊಂಡು ಯಾರಿಗೆ ಮೊದಲು ಬಡಿಸಬೇಕೆಂದು ತಿಳಿಯದೆ ನಿಂತಳು. ಸೊಸೆ ಅದನ್ನು ಇಸಿದುಕೊಂಡು ಇಬ್ಬರಿಗೂ ಬಡಿಸಿದಳು. ಇರುವೆಯ ಮಾತನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಸಿರಪ್ಪನ್ನು ಮೂಗಿನ ಕೊಳವೆಯಲ್ಲಿ ಹಾಕಿದರು. ಹೊಟ್ಟೆ ತೊಳೆದರು. ಅತ್ತೆಯ ಕಣ್ಣಿಗೆ ಗುರುತು ನಿಧಾನವಾಗಿ ವಾಪಸು ಬಂತು: ಮೊದಲು ಮೊಮ್ಮಗಳು, ಆಮೇಲೆ ಮಗಳು, ಕೊನೆಗೆ ಆಸ್ಪತ್ರೆಯ ಬೆಡ್‌ಶೀಟು. "ಇದನ್ನ ಒಗೆದೋರು ಯಾರು, ಸೋಪೇ ಬಿಟ್ಟಿಲ್ಲ," ಎಂದರು. ಗಂಡ ಗೋಡೆಗೆ ಮುಖ ತಿರುಗಿಸಿ ಅತ್ತ.

ಅವನು ಸೋತದ್ದು ಅಲ್ಲೇ. ತಾಯಿ ತನ್ನನ್ನು ಗುರುತು ಹಿಡಿಯದೆ ಕಳೆದ ಆ ಎರಡು ದಿನಗಳು ಅವನ ಹಟವನ್ನೆಲ್ಲ ಹಿಂಡಿಹಾಕಿದ್ದವು. ಡಾಕ್ಟರಮ್ಮ ಅಣ್ಣತಂಗಿಯರನ್ನೂ ಸೊಸೆಯನ್ನೂ ಕರೆದು, ರಕ್ತದಲ್ಲಿ ಹಳದಿಯ ಅಂಕಿ ಸ್ವಲ್ಪ ಇಳಿದಿದೆ ಎಂದಳು. ಬಹಳ ಅಲ್ಲ, ಆದರೆ ಇಳಿದಿದೆ. ಮೊದಲನೆಯ ಡ್ರಿಪ್ಪು ಗಡ್ಡೆಗಳನ್ನು ಸ್ವಲ್ಪ ಮುಟ್ಟಿರಬಹುದು. ಮಾತು ಕೊಡಲಾರೆ. ಅವರಿಗೆ ಬೇಕಿದ್ದರೆ ಇನ್ನೊಂದು ಸಲ ಕೊಡುತ್ತೇನೆ, ಬೇಡವೆಂದರೆ ಅದೂ ಸರಿಯೇ. ನೋವಿಲ್ಲದ ಹಾಗೆ ಮನೆಯಲ್ಲಿ ನೋಡಿಕೊಳ್ಳಲು ಏನು ಬೇಕೋ ಹೇಳಿಕೊಡುತ್ತೇನೆ. "ಈಗ ಅವರಿಗೆ ಎಚ್ಚರ ಚೆನ್ನಾಗಿದೆ. ಒಂದು ಮಾತು ಕೇಳಿ. ನಾಳೆ ಬೆಳಗ್ಗೆ ನಾನೂ ಕೇಳ್ತೀನಿ."

ಹೊರಗೆ ಬಂದು ಅಣ್ಣತಂಗಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಸಾಕು ಎಂದ ಗಂಡ. ನಾದಿನಿ ಅವನ ಭುಜದ ಮೇಲೆ ಕೈ ಇಟ್ಟಳು. ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗೋಣ, ಗುಣವಾಗಿದೆ ಎಂದು ಹೇಳೋಣ, ಅವಳನ್ನು ಕೇಳಿ ಯಾಕೆ ನೋಯಿಸುವುದು, ನಾಳೆ ಡಾಕ್ಟರು ವಾರ್ಡಿಗೆ ಹೋಗುವ ಮೊದಲೇ ಹೇಳಿಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡರು. ಇಷ್ಟು ದಿನ ಕಚ್ಚಾಡಿದವರು ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಕುಡಿದರು.

ಸೊಸೆಯ ಹೆಗಲು ಕೆಳಗಿಳಿಯಿತು. ತಾನು ಹೆಗಲನ್ನು ಅಷ್ಟು ಬಿಗಿಹಿಡಿದಿದ್ದೇನೆಂದು ಆಗಲೇ ಅವಳಿಗೆ ತಿಳಿದದ್ದು. ಅತ್ತೆಯ ಬಳಿ ಯಾರಾದರೂ ಇರಬೇಕಲ್ಲ ಎಂದು ಅವಳು ವಾರ್ಡಿಗೆ ಹೋದಳು.

ಕಿಟಕಿಯಲ್ಲಿ ಇಳಿಹೊತ್ತಿನ ಬಿಸಿಲಿತ್ತು. ಸೊಸೆ ಬಟ್ಟೆ ಅದ್ದಿ ಅತ್ತೆಯ ಮುಖ ಒರಸಿದಳು, ಕತ್ತು, ಕಿವಿಯ ಹಿಂದೆ. ಕೊಳವೆ ತೆಗೆದ ಮೂಗಿನ ಸುತ್ತ ಗಾಯವಾಗಿತ್ತು. ಅದನ್ನು ತಪ್ಪಿಸಿ ಒರಸಿದಳು.

"ಸಿರಪ್ಪನ್ನ ಬೇಸಿನ್ನಿಗೆ ಸುರೀತಿದ್ರಿ," ಎಂದಳು.

ಅತ್ತೆ ಕಣ್ಣು ಮುಚ್ಚಿಯೇ ಇದ್ದರು. "ಯಾರು ಹೇಳಿದ್ರು?"

"ಇರುವೆ."

"ಹಾಳಾದವು." ಅತ್ತೆಯ ತುಟಿಯ ಕೊನೆಯಲ್ಲಿ ಸ್ವಲ್ಪ ನಗು ಬಂದು ಹೋಯಿತು. "ಅದು ಹೊಟ್ಟೆಗೆ ಒಳ್ಳೇದು ಅಂತ ನೀನು ಹೇಳಿದ್ದೆ. ನನ್ನ ಹೊಟ್ಟೆಗೆ ಒಳ್ಳೇದಾಗಿ ನಿನ್ನ ಕೈ ಬಿರೀತಿತ್ತು. ನಾನು ಹಗ್ಗದ ಹತ್ರ ಮಲಗಿದೀನಿ ಹುಡುಗಿ, ಕಿವುಡಿ ಅಲ್ಲ."

ಸೊಸೆ ಬಟ್ಟೆಯನ್ನು ಬೋಗುಣಿಯಲ್ಲಿ ಹಿಂಡಿದಳು. ಮತ್ತೆ ಅದ್ದಿದಳು, ಮತ್ತೆ ಹಿಂಡಿದಳು.

"ಅದು ಬಿಟ್ಟಿದ್ದಕ್ಕೇ ನಿಮಗೆ ತಲೆ ಕೆಟ್ಟಿದ್ದು," ಎಂದು, ನರ್ಸು ಹೇಳಿಕೊಟ್ಟ ಹಾಗೆಯೇ ಮೊದಲಿನಿಂದ ಹೇಳಿದಳು. ಒಂದು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಅವಳ ಕೈಲಾಗಲಿಲ್ಲ. ಗಡ್ಡೆಗಳು ಮತ್ತೆ ಬಂದದ್ದು, ಈ ಸಲ ಲಿವರಿನಲ್ಲಿ ಬಂದದ್ದು, ಡ್ರಿಪ್ಪಿನಲ್ಲಿ ಹಾಕಿದ್ದು ಕೀಮೋ ಎಂಬುದು, ಅದು ಎತ್ತಲೂಬಹುದು ಬೀಳಿಸಲೂಬಹುದು ಎಂಬುದು, ಅಂಕಿ ಸ್ವಲ್ಪ ಇಳಿದದ್ದು, ಎಲ್ಲ ಹೇಳಿದಳು. ಅತ್ತೆ ಯಾವುದಕ್ಕೂ ಆಶ್ಚರ್ಯಪಡಲಿಲ್ಲ. ಅಂಕಿಯ ಮಾತಿಗೆ ಮಾತ್ರ ಕಣ್ಣು ತೆರೆದರು.

"ಇಳಿದಿದೆಯಾ?"

"ಸ್ವಲ್ಪ. ಇನ್ನೊಂದು ಸಲ ಬೇಕಾ ಬೇಡ್ವಾ ಅಂತ ನಿಮ್ಮನ್ನ ಕೇಳ್ಬೇಕಂತೆ." ಸೊಸೆ ಒಂದು ಉಸಿರು ಎಳೆದುಕೊಂಡಳು. "ಬೇಡ ಅಂದ್ರೆ ಮನೆಗೆ ಹೋಗೋದು. ನೋವಾಗದ ಹಾಗೆ ನೋಡ್ಕೋತೀವಿ. ಅವರಿಬ್ರೂ ಹಾಗೇ ಅಂದ್ಕೊಂಡಿದಾರೆ."

"ನೀನು?"

"ನಾನೂ."

ಪಕ್ಕದ ಮಂಚದವರನ್ನು ಯಾರೋ ನೋಡಲು ಬಂದು, ಹಣ್ಣು ಕೊಯ್ದು ಹಂಚುತ್ತಿದ್ದರು. ಅತ್ತೆ ಅದನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ಸೊಸೆ ಬಾಗಿ ನೋಡಿದಳು.

"ಹಾಕಿಸು," ಎಂದರು ಅತ್ತೆ.

"ಅತ್ತೆ..."

"ಇನ್ನೂ ಸ್ವಲ್ಪ ದಿನ ಇರ್ಬೇಕು ನನಗೆ. ಯಾಕೆ ಅಂತ ಕೇಳ್ಬೇಡ. ಮೊಮ್ಮಗಳ ಮದುವೆ ನೋಡ್ಬೇಕು ಅಂತೆಲ್ಲ ಹೇಳೋಕೆ ನನಗೆ ಬರಲ್ಲ. ಸುಮ್ನೆ ಇರ್ಬೇಕು, ಅಷ್ಟೆ. ಎಲ್ಲರ ಹಾಗೆ." ಉಸಿರು ತೆಗೆದುಕೊಂಡು, "ನಾನು ಬೇಡ ಅಂತೀನಿ ಅಂತ ನೀನು ಅಂದ್ಕೊಂಡಿದ್ದೆ," ಎಂದರು.

"ಹೂಂ."

"ಅನ್ನಲಿ ಅಂತಾನೂ ನೀನು ಅಂದ್ಕೊಂಡಿದ್ದೆ."

ಸೊಸೆಯ ಕಣ್ಣಲ್ಲಿ ನೀರು ಬಂದಿತ್ತು. ಕೈ ಒದ್ದೆಯಾಗಿದ್ದರಿಂದ ಒರಸಿಕೊಂಡಿದ್ದು ಗೊತ್ತಾಗಲಿಲ್ಲ.

"ಬೇಜಾರು ಮಾಡ್ಕೋಬೇಡ. ನಿಮ್ಮ ಮಾವ ಮಲಗಿದ್ದಾಗ ನಾನೂ ಅಂದ್ಕೊಂಡಿದೀನಿ, ಒಂದಲ್ಲ ಹತ್ತು ಸಲ. ಅವರು ನನ್ನ ಕೇಳಲಿಲ್ಲ. ನಾನು ನಿನ್ನ ಕೇಳ್ತಿದೀನಿ. ಕಷ್ಟ ಕೊಡ್ತೀನಿ ನಿನಗೆ. ಆಗುತ್ತಾ?"

ಇಪ್ಪತ್ತು ವರ್ಷದಲ್ಲಿ ಅತ್ತೆ ಅವಳಿಗೆ ಹೇಳಿದ್ದುಂಟು, ಬೈದದ್ದುಂಟು, ಕಲಿಸಿದ್ದುಂಟು. ಆಗುತ್ತಾ ಎಂದು ಕೇಳಿದ್ದಿಲ್ಲ. ಆಗುತ್ತೆ ಅತ್ತೆ ಎನ್ನುವುದು ನಾಲಗೆಯ ತುದಿಗೆ ಬಂತು. ಅದು ಬಾಯಿಪಾಠವಾದ ಮಾತು. ಸೊಸೆ ಅದನ್ನು ನುಂಗಿಕೊಂಡಳು.

"ಆಗಲ್ಲ," ಎಂದಳು. "ಒಬ್ಬಳಿಂದ ಆಗಲ್ಲ. ಬಚ್ಚಲಲ್ಲಿ ಕೂತು ಒಗೆಯೋಕಂತೂ ಆಗೋದೇ ಇಲ್ಲ. ನೀವು ಸಿರಪ್ಪು ಕುಡೀಲೇಬೇಕು, ಶೀಟು ಹೊಲಸಾಗ್ಲೇಬೇಕು. ಅಂಗಡಿ ಮೆಷಿನ್ನಿಗೆ ಹಾಕ್ತೀನಿ."

ಅತ್ತೆಯ ಹುಬ್ಬು ಮೇಲೆ ಹೋಯಿತು. "ಗಿರಾಕಿಗಳ ಬಟ್ಟೆ ಜೊತೇಲಿ?"

"ಬೇರೆ."

"ಬೆಳಗ್ಗೆ ಹಾಕ್ಬೇಡ. ಎಲ್ಲರದೂ ಮುಗಿದ ಮೇಲೆ ಹಾಕು."

"ಆಯ್ತು."

"ಆಮೇಲೆ ಬಿಸಿನೀರು ಬಿಟ್ಟು ಒಂದ್ಸಲ ಖಾಲಿ ತಿರುಗಿಸ್ಬೇಕು. ಎರಡ್ಸಲ."

"ಒಂದ್ಸಲ ಸಾಕು. ಕರೆಂಟು ಏನು ಪುಕ್ಕಟೆ ಬರುತ್ತಾ?"

ಅತ್ತೆ ಸ್ವಲ್ಪ ಯೋಚಿಸಿದರು. "ಎರಡ್ಸಲ," ಎಂದರು, ಕಣ್ಣು ಮುಚ್ಚಿಕೊಂಡರು. ಸೊಸೆ ಬೋಗುಣಿ ಎತ್ತಿಕೊಂಡು ಹೊರಗೆ ಬಂದಳು.

ಆ ಸಂಜೆ ಅತ್ತೆಯನ್ನು ವಾರ್ಡಿನ ಆಯಾಗೆ ಒಪ್ಪಿಸಿ ಬಂದು, ಮನೆಯಲ್ಲಿ ಎಷ್ಟೋ ದಿನದ ಮೇಲೆ ಎಲ್ಲರೂ ಒಟ್ಟಿಗೆ, ಜಗಳವಿಲ್ಲದೆ ಉಂಡರು. ಗಂಡ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ನಾದಿನಿ ಆಲೂಗಡ್ಡೆ ಹುರಿದಿದ್ದಳು; ಚಿಕ್ಕಂದಿನಲ್ಲಿ ಅಣ್ಣ ತನ್ನ ಪಾಲನ್ನು ಕದ್ದು ತಿನ್ನುತ್ತಿದ್ದುದನ್ನು ಹೇಳಿ ಮಗಳನ್ನು ನಗಿಸಿದಳು. ಅಮ್ಮನ ಮಂಚವನ್ನು ಯಾವ ಕಿಟಕಿಯ ಪಕ್ಕ ಹಾಕಬೇಕೆಂಬ ಮಾತಾಯಿತು. ಸೊಸೆ ಬಡಿಸುತ್ತಲೇ ಇದ್ದಳು. ಅತ್ತೆ ಹೇಳಿದ್ದನ್ನು ಕೇಳಿದವಳು ಅವಳೊಬ್ಬಳೇ. ಬೆಳಗ್ಗೆ ಡಾಕ್ಟರ ಕೋಣೆಯಲ್ಲಿ ಅವಳು ಬಾಯಿ ಬಿಡದಿದ್ದರೆ, ಈ ಊಟ ಹೀಗೇ ಇರುತ್ತದೆ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ಉಪ್ಪು ಬೇಕೇ ಎಂದು ಕೇಳಿದಳು, ಇನ್ನೊಂದು ಸಲ ನೀರು ತರಲು ಒಳಗೆ ಹೋದಳು.

ಬೆಳಗ್ಗೆ ಡಾಕ್ಟರ ಕೋಣೆಯಲ್ಲಿ ಅದೇ ಎರಡು ಕುರ್ಚಿಗಳು. ಅಣ್ಣತಂಗಿ ಕೂತರು, ಸೊಸೆ ಬಾಗಿಲಿಗೆ ಒರಗಿ ನಿಂತಳು. ನಾವು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಗಂಡ ಶುರುಮಾಡಿದ. ಡಾಕ್ಟರಮ್ಮ ತಲೆಯಾಡಿಸಿ, ಅಮ್ಮನೂ ಹಾಗೇ ಅಂದರಾ ಎಂದು ಕೇಳಿದಳು.

"ಹೌದು," ಎಂದಳು ನಾದಿನಿ.

"ಇಲ್ಲ," ಎಂದಳು ಸೊಸೆ.

ಮೂವರೂ ಅವಳ ಕಡೆ ತಿರುಗಿದರು.

"ಅವರಿಗೆ ಡ್ರಿಪ್ ಬೇಕಂತೆ. ನಿನ್ನೆ ಎಲ್ಲಾ ಹೇಳಿ ಕೇಳ್ದೆ. ಇನ್ನೂ ಇರ್ಬೇಕು ಅಂದ್ರು."

ಗಂಡನ ಮುಖದಲ್ಲಿ ರಕ್ತ ಇಳಿದುಹೋಯಿತು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ನಾದಿನಿ ಎದ್ದು ನಿಂತಿದ್ದಳು.

"ನೀವೇ ಹೇಳ್ಕೊಟ್ರಾ ಅತ್ತಿಗೆ?"

"ನಾನಾ?" ಸೊಸೆಗೆ ನಗು ಬಂದುಬಿಟ್ಟಿತು, ಬರಬಾರದ ಹೊತ್ತಿನಲ್ಲಿ. "ಬೇಡ ಅಂತಾರೆ ಅಂತಲೇ ಕೇಳಿದ್ದು ನಾನು. ಬೇಡ ಅಂದಿದ್ರೆ ನನಗಿಂತ ಹೆಚ್ಚು ಸುಖ ಯಾರಿಗಿತ್ತು?"

ಸೊಸೆ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಆ ಕೋಣೆಯಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ತಾನು ಒಬ್ಬಳೇ ಮಾಡಲಾರೆ ಎಂದಳು. ನಾದಿನಿ ರಜೆ ಹಾಕಬೇಕು. ಅತ್ತೆಯನ್ನು ಎತ್ತಿ ಬಚ್ಚಲಿಗೆ ಕರೆದೊಯ್ಯುವುದು ಮಗನ ಕೆಲಸ, ಹಗಲಾಗಲಿ ರಾತ್ರಿಯಾಗಲಿ. ಹೋಟೆಲಿನವರಿಗೆ ಬಟ್ಟೆ ತಡವಾಗುತ್ತದೆಂದು ಈಗಲೇ ಹೇಳಿಬಿಡಬೇಕು, ಬಿಟ್ಟರೆ ಬಿಡಲಿ. ಸಿರಪ್ಪನ್ನು ಯಾರಾದರೊಬ್ಬರು ಎದುರಿಗೆ ನಿಂತು ಕುಡಿಸಬೇಕು, ಯಾಕೆಂದರೆ ಅವರು ಅದನ್ನು ಬೇಸಿನ್ನಿಗೆ ಸುರಿಯುತ್ತಾರೆ. ಅವರು ಸುರಿದದ್ದು ಯಾಕೆಂಬುದನ್ನೂ, ತಾನು ಹಗ್ಗದ ಹತ್ತಿರ ಅಂದ ಮಾತನ್ನೂ ಸೇರಿಸಿಯೇ, ಅವಳು ಹೇಳಿದಳು.

ಡಾಕ್ಟರಮ್ಮ ಎದ್ದಳು. "ಬನ್ನಿ, ಅವರ ಹತ್ರಾನೇ ಹೋಗೋಣ," ಎಂದಳು.

ಅತ್ತೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅವಳು ಎಲ್ಲವನ್ನೂ ಮತ್ತೆ ಹೇಳಿದಳು. ಒಳ್ಳೆಯದೂ ಕೆಟ್ಟದ್ದೂ, ಸುತ್ತಿಬಳಸದೆ. ಈ ಸಲದ ಮದ್ದು ಗಡ್ಡೆಯ ಬದಲು ನಿಮ್ಮನ್ನೇ ಕೆಡವಬಹುದು ಎಂದೂ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಮಗನನ್ನು ನೋಡಿದರು, ಮಗಳನ್ನು ನೋಡಿದರು. ಮಗಳು ಅಳುತ್ತಿದ್ದಳು.

"ಹಾಕಮ್ಮ," ಎಂದರು ಡಾಕ್ಟರಿಗೆ. "ಇವರೆಲ್ಲ ಆಮೇಲೆ ಅಳಲಿ."

ನರ್ಸು ಬಂದು ಕೈಯಲ್ಲಿ ನರ ಹುಡುಕಿದಳು. ಮೊದಲ ಕೈಯಲ್ಲಿ ಸಿಗಲಿಲ್ಲ. ಇನ್ನೊಂದು ಕೈ ಹಿಡಿದಳು. ನಾದಿನಿ ಕಣ್ಣೊರಸಿಕೊಂಡು ತಾಯಿಯ ಕಾಲ ಹತ್ತಿರ ಕೂತು, ಯಾರೂ ಹೇಳದೆಯೇ ಪಾದ ಒತ್ತತೊಡಗಿದಳು. ಇವತ್ತು ನಾನಿರುತ್ತೇನೆ ಎಂದಳು, ಅತ್ತಿಗೆಯ ಕಡೆ ನೋಡದೆ. ಗಂಡ ಸಿರಪ್ಪಿನ ಬಾಟಲಿಯನ್ನು ತಿರುಗಿಸಿ ತಿರುಗಿಸಿ, ಅಳತೆಯ ಗೆರೆ ಎಲ್ಲಿದೆ ಎಂದು ನರ್ಸನ್ನು ಕೇಳುತ್ತಿದ್ದ.

ಸೊಸೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು. ಅತ್ತೆ ಏನಾದರೂ ಹೇಳಬಹುದೆಂದು ಕಾದಳು. ಅತ್ತೆಯ ಕಣ್ಣು ಮೇಲೆ ತೂಗುತ್ತಿದ್ದ ಚೀಲದ ಮೇಲೆ, ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದುದರ ಮೇಲೆ ನೆಟ್ಟಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಮಧ್ಯಾಹ್ನದ ಅಡುಗೆಗೆ ಏನಿದೆ ಎಂದು ಯೋಚಿಸುತ್ತ ಅವಳು ತಲೆಯನ್ನು ಗಾಜಿಗೆ ಒರಗಿಸಿದಳು, ಹಾಗೇ ಕಣ್ಣು ಹತ್ತಿತು. ಇಳಿಯಬೇಕಾದ ನಿಲ್ದಾಣ ಬಂದು ಹೋಯಿತು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ಸೀಟಿನ ಕಂಬಿಯನ್ನು ತಟ್ಟಿ, "ಯಾರಮ್ಮ, ಎಲ್ಲಿಗೆ ಹೋಗ್ಬೇಕಿತ್ತು?" ಎಂದು ಎರಡು ಸಲ ಕೇಳಬೇಕಾಯಿತು.